ಶಪೆಕೊ: ಹಸಿರು ಅಂಗಿಯ ಊರು

ಬ್ರೆಜಿಲ್ ಎಂದೊಡನೆ ಕಣ್ಣ ಮುಂದೆ ಬರುವುದು ಅಮೆಜಾನ್ ಕಾಡು, ರಿಯೊ ಡಿ ಜನೈರೊದ ಕಡಲತೀರ, ಕಾಫಿ ತೋಟ ಮತ್ತು ಪೆಲೆ. ಈ ನಾಲ್ಕರಲ್ಲಿ ಒಂದೂ ಇಲ್ಲದ ಬ್ರೆಜಿಲ್ ಸಹ ಇದೆ. ದೇಶದ ದಕ್ಷಿಣ ತುದಿಗೆ ಸಮೀಪವಾಗಿ ಸಾಂತಾ ಕತರೀನಾ ಎಂಬ ಸಣ್ಣ ರಾಜ್ಯ. ಅದರ ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ, ಪಶ್ಚಿಮಕ್ಕೆ ಅರ್ಜೆಂಟೀನಾ. ಕಡಲ ಮಗ್ಗುಲಿನ ರಾಜಧಾನಿ ಫ್ಲೋರಿಯಾನೊಪೊಲಿಸ್‌ನಲ್ಲಿ ಸಂಜೆ ಬಸ್ಸು ಹತ್ತಿ, ಘಟ್ಟವೇರಿ, ರಾತ್ರಿಯಿಡೀ ಪಶ್ಚಿಮಕ್ಕೆ ಐನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಿದರೆ ಬೆಳಗಿನ ಹೊತ್ತಿಗೆ ಒಂದು ಊರು ಸಿಗುತ್ತದೆ. ಅದೇ ಶಪೆಕೊ. ಬರೆಯುವಾಗ ‘ಚ’ದಂತೆ ಕಾಣುವ ಅಕ್ಷರದಿಂದ ಶುರುವಾದರೂ ಪೋರ್ಚುಗೀಸರ ಬಾಯಲ್ಲಿ ಅದು ‘ಶ’.

2022ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ. ನೇರವಾದ ಅಗಲ ರಸ್ತೆಗಳು, ಮಧ್ಯದಲ್ಲಿ ಸಂತ ಅಂತೋನಿಯ ಹೆಸರಿನ ದೊಡ್ಡ ಚರ್ಚು. ಅದರೆದುರು ಕೈಯಲ್ಲಿ ಕೊಡಲಿ ಹಿಡಿದು ನಿಂತ ಎತ್ತರದ ಪ್ರತಿಮೆ: ಕಾಡು ಕಡಿದು ಊರು ಕಟ್ಟಿದವನದು. ಪ್ರವಾಸಿಗಳ ಕೈಪಿಡಿಗಳಲ್ಲಿ ಶಪೆಕೊಗೆ ಸಿಗುತ್ತಿದ್ದುದು ಹೆಚ್ಚೆಂದರೆ ಎರಡು ಸಾಲು. 2016ರ ನವೆಂಬರ್ ಕೊನೆಯ ವಾರ ಮಾತ್ರ ಈ ಹೆಸರು ಪ್ರಪಂಚದ ಎಲ್ಲ ಭಾಷೆಗಳ ಪತ್ರಿಕೆಗಳ ಮುಖಪುಟದಲ್ಲಿ ಬಂದಿತು. ಬರಬಾರದ ಕಾರಣಕ್ಕೆ ಬಂದಿತು.

ತೆಪ್ಪಗಳ ಕಾಲ

ಈ ಸೀಮೆಯ ಮೂಲನಿವಾಸಿಗಳು ಕೈಂಗಾಂಗ್ ಜನ. ಶಪೆಕೊ ಎಂಬುದೂ ಅವರದೇ ಮಾತು. ‘ಹೊಲದ ದಾರಿ ಕಾಣುವ ಜಾಗ’ ಎಂದು ಅದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವರ ನಾಯಕನಾಗಿದ್ದವನು ವಿತೊರಿನೊ ಕೊಂಡಾ. ಬಿಳಿಯರೊಂದಿಗೆ ಕೆಲವೊಮ್ಮೆ ಕಾದಾಡಿ, ಕೆಲವೊಮ್ಮೆ ಸಂಧಾನ ಮಾಡಿಕೊಂಡು ತನ್ನವರನ್ನು ಉಳಿಸಿಕೊಳ್ಳಲು ಹೆಣಗಿದ ಈ ಮುಖ್ಯಸ್ಥನ ಹೆಸರನ್ನೇ ಊರಿನ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಇಡಲಾಗಿದೆ. ಅವನ ಜನರ ನೆಲ ಮಾತ್ರ ಅಷ್ಟು ಸುಲಭವಾಗಿ ಅವರಿಗೆ ಹಿಂದಿರುಗಲಿಲ್ಲ. ಊರ ಹೊರವಲಯದ ಶಿಂಬಾಂಗೆ ಎಂಬಲ್ಲಿ ಒಂದಿಷ್ಟು ಭೂಮಿ ಮರಳಿ ದೊರೆಯಲು 1980ರ ದಶಕದವರೆಗೆ ಕಾಯಬೇಕಾಯಿತು. ಹೆಸರನ್ನು ಕಲ್ಲಿನ ಮೇಲೆ ಕೆತ್ತುವುದಕ್ಕಿಂತ ನೆಲ ಬಿಟ್ಟುಕೊಡುವುದು ಎಲ್ಲ ದೇಶಗಳಲ್ಲೂ ಕಷ್ಟದ ಕೆಲಸವೇ!

ಶಪೆಕೊ ಪುರಸಭೆಯಾಗಿ ಸ್ಥಾಪನೆಯಾದದ್ದು 1917ರ ಆಗಸ್ಟ್ 25ರಂದು. ಆಗ ಇದ್ದದ್ದು ಬಹುಪಾಲು ಕಾಡು. ದಕ್ಷಿಣದ ನೆರೆರಾಜ್ಯ ರಿಯೊ ಗ್ರಾಂಡಿ ದೊ ಸುಲ್‌ನಲ್ಲಿ ಜಮೀನು ಸಾಲದೇ ಹೋದ ಇಟಾಲಿಯನ್, ಜರ್ಮನ್, ಪೋಲಿಷ್ ಮೂಲದ ರೈತ ಕುಟುಂಬಗಳು ಉರುಗ್ವೆ ನದಿ ದಾಟಿ ಬಂದು ಇಲ್ಲಿ ನೆಲೆಯೂರಿದವು. ಅವರ ಮೊದಲ ಸಂಪಾದನೆ ಮರದಿಂದ. ಇಲ್ಲಿನ ಕಾಡಿನ ರಾಜ ‘ಅರೌಕೇರಿಯಾ’ ಎಂಬ ಶಂಕುಧಾರಿ ವೃಕ್ಷ. ಕಂಬದಂತೆ ನೇರವಾಗಿ ಬೆಳೆದು, ನೆತ್ತಿಯಲ್ಲಿ ಮಾತ್ರ ಕೊಡೆ ಬಿಚ್ಚಿದಂತೆ ಹರಡಿಕೊಳ್ಳುವ ಇದರ ಬೀಜವನ್ನು ‘ಪಿನ್ಯಾಂವ್’ ಎನ್ನುತ್ತಾರೆ. ಚಳಿಗಾಲದಲ್ಲಿ ಬೇಯಿಸಿಯೋ ಸುಟ್ಟೋ ತಿನ್ನುವ ಬೀಜ ಅದು. ಒಂದು ಜಾತಿಯ ನೀಲಿ ಹಕ್ಕಿ ಈ ಬೀಜಗಳನ್ನು ಒಯ್ದು ಬಚ್ಚಿಡುತ್ತದೆ. ತಿನ್ನದೆ ಮರೆತವು ಮೊಳೆಯುತ್ತವೆ. ಹೀಗೆ ಹಕ್ಕಿಯ ಮರೆವಿನಿಂದ ಬೆಳೆದ ಕಾಡನ್ನು ಮನುಷ್ಯ ಐವತ್ತು ಅರವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಮುಗಿಸಿಬಿಟ್ಟ. ಇಂದು ಅರೌಕೇರಿಯಾ ತೀವ್ರ ಅಪಾಯದಲ್ಲಿರುವ ಮರಗಳ ಪಟ್ಟಿಯಲ್ಲಿದೆ.

ಕಡಿದ ದಿಮ್ಮಿಗಳನ್ನು ಸಾಗಿಸಲು ಒಳ್ಳೆಯ ರಸ್ತೆಗಳಿರಲಿಲ್ಲ. ಇದ್ದದ್ದು ಉರುಗ್ವೆ ನದಿ. ದಿಮ್ಮಿಗಳನ್ನು ಒಂದಕ್ಕೊಂದು ಬಿಗಿದು ದೊಡ್ಡ ತೆಪ್ಪಗಳನ್ನು ಮಾಡಿ ದಡದಲ್ಲಿ ಕಾಯುತ್ತಿದ್ದರು. ಬೇಸಿಗೆಯಲ್ಲಿ ಬಂಡೆಗಳು ಎದ್ದು ಕಾಣುವ ನದಿಯಲ್ಲಿ ತೆಪ್ಪ ಸಾಗುವುದಿಲ್ಲ. ಮೇಲ್ಭಾಗದಲ್ಲಿ ಮಳೆಯಾಗಿ ಪ್ರವಾಹ ಏರಿ ಬಂಡೆಗಳೆಲ್ಲ ಮುಳುಗಿದ ಮೇಲೆ ಹಗ್ಗ ಬಿಚ್ಚಬೇಕು. ತೆಪ್ಪದ ಮೇಲೇ ಒಂದು ಸಣ್ಣ ಗುಡಿಸಲು, ಅಡುಗೆ, ನಿದ್ದೆ. ನೂರಾರು ಕಿಲೋಮೀಟರ್ ಕೆಳಗೆ ಅರ್ಜೆಂಟೀನಾದ ಗಡಿಯಲ್ಲಿ ಮರ ಮಾರಿ, ದುಡ್ಡು ಕಟ್ಟಿಕೊಂಡು ನೆಲದ ದಾರಿಯಲ್ಲಿ ವಾಪಸು. ನೀರು ಹೆಚ್ಚಾಗುವುದನ್ನೇ ದೇವರಲ್ಲಿ ಬೇಡುತ್ತಿದ್ದ ಊರು ಇದು.

ಮರ ಮುಗಿಯಿತು. ಅದರ ಜಾಗಕ್ಕೆ ಮೆಕ್ಕೆಜೋಳ, ಹಂದಿ, ಕೋಳಿ ಬಂದವು. ಹತ್ತಿರದ ಕೊಂಕೋರ್ಡಿಯಾದಲ್ಲಿ 1944ರಲ್ಲಿ ‘ಸಾದಿಯಾ’ ಎಂಬ ಮಾಂಸದ ಕಂಪನಿ ಹುಟ್ಟಿತು. 1969ರಲ್ಲಿ ಶಪೆಕೊದಲ್ಲೇ ರೈತ ಸಹಕಾರಿಗಳು ಒಂದುಗೂಡಿ ‘ಅವ್ರೋರಾ’ ಸಂಸ್ಥೆಯನ್ನು ಕಟ್ಟಿದವು. ಕಂಪನಿ ಮರಿ ಮತ್ತು ಮೇವು ಕೊಡುವುದು, ರೈತ ತನ್ನ ಕೊಟ್ಟಿಗೆಯಲ್ಲಿ ಸಾಕಿ ಹಿಂದಿರುಗಿಸುವುದು ಇಲ್ಲಿನ ಪದ್ಧತಿ. ಇಲ್ಲಿ ಸಂಸ್ಕರಿಸಿದ ಕೋಳಿ ಹಡಗೇರಿ ದೂರದ ದೇಶಗಳಿಗೆ ಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹೈಟಿಯಿಂದ, ವೆನೆಜುವೆಲಾದಿಂದ ಬಂದವರೂ ಈ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ದುಡಿಮೆಯ ಊರು. ಭಾನುವಾರ ಮಧ್ಯಾಹ್ನಕ್ಕೆ ಒಂದು ಮನರಂಜನೆ ಬೇಕಾಗಿದ್ದ ಊರು.

ಕೊನೆಯ ಮೆಟ್ಟಿಲಿನಿಂದ

1973ರ ಮೇ 10ರಂದು ಊರಿನ ಎರಡು ಸಣ್ಣ ತಂಡಗಳಾದ ‘ಅತ್ಲೆಟಿಕೊ’ ಮತ್ತು ‘ಇಂಡಿಪೆಂಡೆಂಟೆ’ಗಳ ಬೆಂಬಲಿಗರು ಕೈಜೋಡಿಸಿ ಒಂದೇ ಕ್ಲಬ್ ಮಾಡಿದರು. ಹೆಸರು ‘ಅಸೋಸಿಯಸಾಂವ್ ಶಪೆಕೊಯೆನ್ಸೆ ಡಿ ಫುಟೆಬೋಲ್’. ಅಭಿಮಾನಿಗಳ ಬಾಯಲ್ಲಿ ಅದು ಬರೀ ‘ಶಾಪೆ’. ಬಣ್ಣ ಹಸಿರು ಮತ್ತು ಬಿಳಿ. ನಾಲ್ಕೇ ವರ್ಷದಲ್ಲಿ, 1977ರಲ್ಲಿ, ರಾಜ್ಯ ಚಾಂಪಿಯನ್ ಪಟ್ಟ ಪಶ್ಚಿಮದ ಈ ಊರಿಗೆ ಬಂದಿತು. ಕರಾವಳಿಯ ಅವಾಯಿ, ಫಿಗೇರೆನ್ಸೆಯಂಥ ಹಳೆಯ ಕ್ಲಬ್‌ಗಳ ಮಂದಿಗೆ ಇದು ಹಳ್ಳಿಯ ಹುಡುಗ ಪೇಟೆಯ ಶಾಲೆಗೆ ಬಂದು ಮೊದಲ ರ್‍ಯಾಂಕ್ ಹೊಡೆದಂತೆ ಕಂಡಿದ್ದರೆ ಅಚ್ಚರಿಯಿಲ್ಲ. ಮುಂದಿನ ಪಟ್ಟಕ್ಕೆ 1996ರವರೆಗೆ ಕಾಯಬೇಕಾಯಿತು.

ಅನಂತರದ ದಿನಗಳು ಕೆಟ್ಟವು. 2000ದ ಮೊದಲ ವರ್ಷಗಳಲ್ಲಿ ಸಾಲ ಹೆಚ್ಚಿ ಕ್ಲಬ್ ಮುಚ್ಚುವ ಹಂತ ತಲುಪಿತು. ಊರಿನ ಉದ್ಯಮಿಗಳು, ವ್ಯಾಪಾರಿಗಳು ಆಡಳಿತವನ್ನು ಕೈಗೆತ್ತಿಕೊಂಡರು. ಅಂಗಡಿ ನಡೆಸಿ ಗೊತ್ತಿದ್ದ ಜನ; ಇದ್ದಷ್ಟೇ ಖರ್ಚು ಮಾಡಬೇಕೆಂಬ ಸರಳ ಲೆಕ್ಕವನ್ನು ಫುಟ್‌ಬಾಲಿಗೂ ತಂದರು. 2007ರಲ್ಲಿ ಮತ್ತೆ ರಾಜ್ಯದ ಪಟ್ಟ ದೊರೆಯಿತು.

ಬ್ರೆಜಿಲಿನಲ್ಲಿ ವರ್ಷದ ಆರಂಭದಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಪಂದ್ಯಾವಳಿ. ಆಮೇಲೆ ರಾಷ್ಟ್ರೀಯ ಲೀಗ್, ಅದರಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಶ್ರೇಣಿ. ಆಗಿನ ನಿಯಮದಂತೆ ಮೇಲಿನ ಶ್ರೇಣಿಯಲ್ಲಿ ಕೊನೆಯ ನಾಲ್ಕು ಸ್ಥಾನ ಪಡೆದವರು ಕೆಳಗಿಳಿಯಬೇಕಿತ್ತು, ಕೆಳಗಿನ ಶ್ರೇಣಿಯ ಮೊದಲ ನಾಲ್ವರು ಮೇಲೇರುತ್ತಿದ್ದರು. ಶಪೆಕೊಯೆನ್ಸೆ 2009ರಲ್ಲಿ ಆಡುತ್ತಿದ್ದುದು ಅತ್ಯಂತ ಕೆಳಗಿನ ‘ಡಿ’ಯಲ್ಲಿ. ಆ ವರ್ಷವೇ ‘ಸಿ’ಗೆ ಬಡ್ತಿ. 2012ರಲ್ಲಿ ಮುಂದಿನ ಮೆಟ್ಟಿಲು. 2013ರಲ್ಲಿ ಗಿಲ್ಮಾರ್ ದಾಲ್ ಪೋಜೊ ಎಂಬ ತರಬೇತುದಾರರ ಕೈಕೆಳಗೆ ‘ಬಿ’ಯಲ್ಲಿ ಎರಡನೆಯ ಸ್ಥಾನ. 2014ರಲ್ಲಿ ಪೆಲೆಯ ಸಾಂತೊಸ್, ರಿಯೊದ ಫ್ಲಮೆಂಗೊ ಇವರೊಡನೆ ಒಂದೇ ಪಟ್ಟಿಯಲ್ಲಿ ಶಪೆಕೊ! ಐದು ಹಂಗಾಮುಗಳಲ್ಲಿ ತಳದಿಂದ ತುದಿಗೆ. ಅದೇ ವರ್ಷ ಪೋರ್ಟೊ ಅಲೆಗ್ರೆಯ ಹೆಸರಾಂತ ‘ಇಂಟರ್‌ನ್ಯಾಸಿಯೊನಾಲ್’ ತಂಡವನ್ನು 5–0 ಗೋಲುಗಳಿಂದ ಸೋಲಿಸಿದ್ದನ್ನು ಹಳೆಯ ಅಭಿಮಾನಿಗಳು ಇಂದಿಗೂ ಹೇಳಿಕೊಳ್ಳುತ್ತಾರೆ.

ಏರಿಳಿತದ ಈ ಕಾಲದಲ್ಲೆಲ್ಲ ಜೊತೆಗಿದ್ದವರು ಗೋಲ್‌ಕೀಪರ್ ನಿವಾಲ್ಡೊ. 2006ರಲ್ಲಿ ಸೇರಿ, ನಲವತ್ತು ದಾಟಿದ ಮೇಲೂ ಕ್ಲಬ್ಬಿನಲ್ಲೇ ಉಳಿದಿದ್ದರು. ಗೋಲಿನ ಮುಂದೆ ಅವರ ಜಾಗಕ್ಕೆ ಬಂದವರು ದಾನಿಲೊ.

ಸುಡಾಮೆರಿಕಾನಾ ಕಪ್ ಎಂಬುದು ದಕ್ಷಿಣ ಅಮೆರಿಕ ಖಂಡದ ಕ್ಲಬ್‌ಗಳ ಎರಡನೆಯ ಮುಖ್ಯ ಪಂದ್ಯಾವಳಿ. 2015ರಲ್ಲಿ ಶಪೆಕೊಯೆನ್ಸೆ ಅದರ ಕ್ವಾರ್ಟರ್ ಫೈನಲ್ ತಲುಪಿ, ಬ್ಯೂನಸ್ ಐರಿಸ್‌ನ ದೈತ್ಯ ರಿವರ್ ಪ್ಲೇಟ್ ತಂಡವನ್ನು ತವರಿನಲ್ಲಿ ಸೋಲಿಸಿಯೂ ಒಟ್ಟು ಗೋಲುಗಳ ಲೆಕ್ಕದಲ್ಲಿ ಹೊರಬಿತ್ತು. 2016ರಲ್ಲಿ ಮತ್ತೆ ಹೊರಟಿತು. ಅರ್ಜೆಂಟೀನಾದ ಇಂಡಿಪೆಂಡಿಯೆಂಟೆ ವಿರುದ್ಧ ಎರಡೂ ಪಂದ್ಯ ಗೋಲಿಲ್ಲದೆ ಮುಗಿದು ಪೆನಾಲ್ಟಿಗೆ ಹೋದಾಗ ದಾನಿಲೊ ನಾಲ್ಕು ಹೊಡೆತಗಳನ್ನು ತಡೆದರು. ಸೆಮಿಫೈನಲ್‌ನಲ್ಲಿ ಸಾನ್ ಲೊರೆಂಜೊ ಎದುರು ಬ್ಯೂನಸ್ ಐರಿಸ್‌ನಲ್ಲಿ 1–1. ನವೆಂಬರ್ 23ರಂದು ತವರಿನ ಕೊಂಡಾ ಕ್ರೀಡಾಂಗಣದಲ್ಲಿ 0–0. ಕೊನೆಯ ಗಳಿಗೆಯಲ್ಲಿ ಹತ್ತಿರದಿಂದ ಬಂದ ಚೆಂಡನ್ನು ದಾನಿಲೊ ಬಲಗಾಲು ಚಾಚಿ ತಡೆದದ್ದರಿಂದ ತಂಡ ಫೈನಲ್‌ಗೆ ಹೋಯಿತು. ಆ ಕಾಲು ಅರ್ಧ ಅಡಿ ಆಚೆ ಇದ್ದಿದ್ದರೆ ಶಪೆಕೊಯೆನ್ಸೆ ಸೋತು ಮನೆಯಲ್ಲಿರುತ್ತಿತ್ತು ಎಂಬ ಮಾತನ್ನು ಊರಿನಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ.

ಒಂದು ಸಾಲಿನ ಲೆಕ್ಕ

ಫೈನಲ್‌ನ ಮೊದಲ ಪಂದ್ಯ ನವೆಂಬರ್ 30ರಂದು ಕೊಲಂಬಿಯಾದ ಮೆಡೆಜಿನ್ ನಗರದಲ್ಲಿ, ಅತ್ಲೆಟಿಕೊ ನ್ಯಾಸಿಯೊನಾಲ್ ವಿರುದ್ಧ. ಅದೂ ಹಸಿರು ಬಿಳಿ ಅಂಗಿಯ ತಂಡವೇ. ಕ್ಲಬ್ಬು ‘ಲಾಮಿಯಾ’ ಎಂಬ ಬೊಲಿವಿಯಾದ ಸಣ್ಣ ಕಂಪನಿಯ ವಿಮಾನವನ್ನು ಬಾಡಿಗೆಗೆ ಗೊತ್ತುಮಾಡಿತ್ತು. ಆದರೆ ಬೊಲಿವಿಯಾದ ಕಂಪನಿ ಬ್ರೆಜಿಲಿನಿಂದ ಮೂರನೆಯ ದೇಶಕ್ಕೆ ನೇರವಾಗಿ ಜನರನ್ನು ಒಯ್ಯುವುದಕ್ಕೆ ಬ್ರೆಜಿಲ್ ವಿಮಾನಯಾನ ಇಲಾಖೆ ಅನುಮತಿ ಕೊಡಲಿಲ್ಲ. ಹಾಗಾಗಿ ತಂಡ ಸಾಂವ್ ಪೌಲೊದಿಂದ ಮಾಮೂಲು ವಿಮಾನದಲ್ಲಿ ಬೊಲಿವಿಯಾದ ಸಾಂತಾ ಕ್ರೂಜ್‌ಗೆ ಹೋಗಿ, ಅಲ್ಲಿ ಬಾಡಿಗೆ ವಿಮಾನ ಹತ್ತಿತು. ಅದು ನಾಲ್ಕು ಎಂಜಿನ್ನುಗಳ ‘ಅವ್ರೊ ಆರ್‌ಜೆ 85’. ಒಟ್ಟು 77 ಜನ: ಆಟಗಾರರು, ತರಬೇತುದಾರ ಕಾಯೊ ಜೂನಿಯರ್, ಕ್ಲಬ್ಬಿನ ಅಧ್ಯಕ್ಷ ಸಾಂದ್ರೊ ಪಲಾವೊರೊ, 21 ಮಂದಿ ಪತ್ರಕರ್ತರು, ವಿಮಾನ ಸಿಬ್ಬಂದಿ. ತರಬೇತುದಾರರ ಮಗ ಪಾಸ್‌ಪೋರ್ಟ್ ಮರೆತದ್ದರಿಂದ ಹಿಂದುಳಿದ. ನಿವಾಲ್ಡೊ ಈ ಸಲ ತಂಡದಲ್ಲಿರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಲೆಕ್ಕವಿದೆ. ಸಾಂತಾ ಕ್ರೂಜ್‌ನಿಂದ ಮೆಡೆಜಿನ್‌ಗೆ ಸುಮಾರು 2,960 ಕಿಲೋಮೀಟರ್. ಆ ವಿಮಾನ ಒಂದು ಸಲ ಇಂಧನ ತುಂಬಿಕೊಂಡು ಕ್ರಮಿಸಬಲ್ಲ ದೂರವೂ ಹೆಚ್ಚುಕಡಿಮೆ ಅಷ್ಟೇ. ಹೊರಡುವ ಮುನ್ನ ವಿಮಾನ ನಿಲ್ದಾಣದ ಅಧಿಕಾರಿಗಳಿಗೆ ಸಲ್ಲಿಸಿದ ಪತ್ರದಲ್ಲಿ ಪ್ರಯಾಣದ ಅವಧಿ 4 ಗಂಟೆ 22 ನಿಮಿಷ ಎಂದಿತ್ತು. ಅದೇ ಪತ್ರದಲ್ಲಿ ಇಂಧನ ಎಷ್ಟು ಹೊತ್ತಿಗೆ ಸಾಕಾಗುತ್ತದೆ ಎಂಬ ಕಡೆಯಲ್ಲೂ 4 ಗಂಟೆ 22 ನಿಮಿಷ ಎಂದೇ ಇತ್ತು! ಎರಡರ ವ್ಯತ್ಯಾಸ ಸೊನ್ನೆ. ಏಳನೆಯ ತರಗತಿಯ ಮಕ್ಕಳೂ ಗಾಳಿ ಎದುರಾದರೆ, ಇಳಿಯಲು ಕಾಯಬೇಕಾದರೆ ಏನು ಗತಿ ಎಂದು ಕೇಳಿಯಾರು. ಅಂತರರಾಷ್ಟ್ರೀಯ ನಿಯಮವೂ ಅದನ್ನೇ ಕೇಳುತ್ತದೆ. ಸೇರಬೇಕಾದ ಊರಿಗೆ ಬೇಕಾದಷ್ಟು, ಅಲ್ಲಿ ಇಳಿಯಲಾಗದಿದ್ದರೆ ಮತ್ತೊಂದು ನಿಲ್ದಾಣಕ್ಕೆ ಬೇಕಾದಷ್ಟು, ಅದರ ಮೇಲೆ ಅರ್ಧ ಗಂಟೆ ಆಕಾಶದಲ್ಲಿ ಸುತ್ತಲು ಬೇಕಾದಷ್ಟು, ಇದಲ್ಲದೆ ಅನಿರೀಕ್ಷಿತಕ್ಕೆಂದು ಇನ್ನೊಂದಿಷ್ಟು ಇಂಧನ ಇರಲೇಬೇಕು. ಬೊಲಿವಿಯಾದ ಒಬ್ಬ ಮಹಿಳಾ ಅಧಿಕಾರಿ ಈ ಸಾಲನ್ನು ಗುರುತಿಸಿ ಆಕ್ಷೇಪಿಸಿದ್ದಾಗಿ ಮುಂದೆ ಹೇಳಿದರು. ವಿಮಾನ ಮಾತ್ರ ಹೊರಟಿತು. ಕ್ಯಾಪ್ಟನ್ ಬರೀ ಚಾಲಕರಲ್ಲ, ಕಂಪನಿಯ ಪಾಲುದಾರರಲ್ಲಿ ಒಬ್ಬರು. ನಡುವೆ ಇಳಿದು ಇಂಧನ ತುಂಬುವುದೆಂದರೆ ಖರ್ಚು.

ನವೆಂಬರ್ 28ರ ರಾತ್ರಿ ವಿಮಾನ ಮೆಡೆಜಿನ್ ಸಮೀಪಿಸಿದಾಗ, ಇಂಧನ ಸೋರಿಕೆಯ ಶಂಕೆಯಿಂದ ಬಂದ ಮತ್ತೊಂದು ವಿಮಾನಕ್ಕೆ ಇಳಿಯಲು ಮೊದಲ ಸರದಿ ಸಿಕ್ಕಿತ್ತು. ಇದು ಬೆಟ್ಟಗಳ ಮೇಲೆ ಸುತ್ತು ಹಾಕತೊಡಗಿತು. ಇಂಧನ ತೀರುತ್ತಿದೆ ಎಂದು ಕ್ಯಾಪ್ಟನ್ ಸ್ಪಷ್ಟವಾಗಿ ತಿಳಿಸುವ ಹೊತ್ತಿಗೆ ತಡವಾಗಿತ್ತು. ಎಂಜಿನ್ನುಗಳು ಒಂದಾದ ಮೇಲೊಂದು ನಿಂತವು. ಎಂಜಿನ್ ತಿರುಗಿದರೆ ತಾನೇ ಅದಕ್ಕೆ ಜೋಡಿಸಿದ ಜನರೇಟರ್ ತಿರುಗುವುದು? ವಿದ್ಯುತ್ತೂ ಹೋಯಿತು, ಒಳಗೆ ಕತ್ತಲು. ಎತ್ತರವನ್ನು ನೆಲಕ್ಕೆ ತಿಳಿಸುವ ಉಪಕರಣವೂ ನಿಂತು, ನಿಯಂತ್ರಣ ಕೇಂದ್ರದ ತೆರೆಯ ಮೇಲೆ ಎತ್ತರದ ಅಂಕಿ ಕಾಣದಾಯಿತು. ಎಂಜಿನ್ ನಿಂತರೂ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಎತ್ತರವನ್ನು ಕಳೆದುಕೊಳ್ಳುತ್ತ ಮುಂದಕ್ಕೆ ತೇಲುತ್ತದೆ. ಆದರೆ ನಿಲ್ದಾಣಕ್ಕೆ ಇನ್ನೂ ಹದಿನೆಂಟು ಕಿಲೋಮೀಟರಿನಷ್ಟು ದೂರವಿರುವಾಗಲೇ ಅಡ್ಡಲಾಗಿ ‘ಸೆರ್ರೊ ಗೋರ್ಡೊ’ ಎಂಬ ಬೆಟ್ಟವಿತ್ತು.

71 ಜನ ಸತ್ತರು. ಅವರಲ್ಲಿ 19 ಮಂದಿ ಆಟಗಾರರು, 20 ಮಂದಿ ಪತ್ರಕರ್ತರು. ಟ್ಯಾಂಕಿನಲ್ಲಿ ಇಂಧನವಿಲ್ಲದ್ದರಿಂದ ಬೆಂಕಿ ಹೊತ್ತಿಕೊಳ್ಳಲಿಲ್ಲ. ಕೊಂದ ಕಾರಣವೇ ಉಳಿದ ಕೆಲವರನ್ನು ಸುಡದೆ ಬಿಟ್ಟಿತು. ಮಳೆ, ಕೆಸರು, ಕತ್ತಲೆಯ ನಡುವೆ ಸುತ್ತಲಿನ ಹಳ್ಳಿಗರು ದಾರಿ ತೋರಿಸಿ ರಕ್ಷಣಾ ಸಿಬ್ಬಂದಿಯನ್ನು ಕರೆದೊಯ್ದರು. ದಾನಿಲೊ ಜೀವದಿಂದ ಸಿಕ್ಕಿ ಆಮೇಲೆ ತೀರಿಕೊಂಡರು. ಉಳಿದವರು ಆರು ಮಂದಿ: ಆಟಗಾರರಾದ ಅಲನ್ ರುಷೆಲ್, ನೆಟೊ ಮತ್ತು ಗೋಲ್‌ಕೀಪರ್ ಜಾಕ್ಸನ್ ಫೋಲ್‌ಮನ್, ರೇಡಿಯೊ ವೀಕ್ಷಕ ವಿವರಣೆಗಾರ ರಫಾಯೆಲ್ ಹೆಂಜೆಲ್, ಇಬ್ಬರು ಸಿಬ್ಬಂದಿ. ಎಲ್ಲರಿಗಿಂತ ಕೊನೆಯಲ್ಲಿ ಅವಶೇಷಗಳಡಿ ಸಿಕ್ಕವರು ನೆಟೊ. ಕೊಲಂಬಿಯಾದ ತನಿಖಾ ವರದಿ 2018ರಲ್ಲಿ ಕಾರಣವನ್ನು ಅಧಿಕೃತವಾಗಿ ಹೇಳಿತು: ಇಂಧನ ಮುಗಿದದ್ದು.

ಎರಡು ಊರುಗಳು

ನವೆಂಬರ್ 30ರ ರಾತ್ರಿ, ಪಂದ್ಯ ನಡೆಯಬೇಕಿದ್ದ ಹೊತ್ತಿಗೆ ಸರಿಯಾಗಿ, ಮೆಡೆಜಿನ್‌ನ ಕ್ರೀಡಾಂಗಣ ತುಂಬಿತು. ಬಿಳಿ ಬಟ್ಟೆ ತೊಟ್ಟು ಮೇಣದ ಬತ್ತಿ ಹಿಡಿದ ಸಾವಿರಾರು ಜನ. ಒಳಗೆ ಜಾಗ ಸಾಲದೆ ಹೊರಗಿನ ಬೀದಿಗಳಲ್ಲೂ ಅಷ್ಟೇ ಜನ. ಎದುರಾಳಿ ಊರಿನವರು ಕಂಡೇ ಇರದ ಆಟಗಾರರ ಹೆಸರುಗಳನ್ನು ಕೂಗಿದರು. ಕಪ್ಪನ್ನು ಶಪೆಕೊಯೆನ್ಸೆಗೇ ಕೊಡಬೇಕೆಂದು ಅತ್ಲೆಟಿಕೊ ನ್ಯಾಸಿಯೊನಾಲ್ ಕ್ಲಬ್ ತಾನಾಗಿ ಕೇಳಿಕೊಂಡಿತು. ಡಿಸೆಂಬರ್ 5ರಂದು ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಅದನ್ನು ಒಪ್ಪಿತು. ಆ ಕಪ್ಪು ಮೆಡೆಜಿನ್‌ಗೂ ದೊಡ್ಡದೇ ಆಗಿತ್ತು ಎಂಬುದನ್ನು ಮರೆಯಬಾರದು.

ಡಿಸೆಂಬರ್ 3ರಂದು ವಾಯುಪಡೆಯ ವಿಮಾನಗಳು ಐವತ್ತು ಶವಪೆಟ್ಟಿಗೆಗಳನ್ನು ಶಪೆಕೊಗೆ ತಂದವು. ಧಾರಾಕಾರ ಮಳೆ. ಸೈನಿಕರು ಒಂದೊಂದನ್ನೇ ಹೆಗಲ ಮೇಲೆ ಹೊತ್ತು, ಕೆಸರಾದ ಮೈದಾನದಲ್ಲಿ ನಡೆದರು. ಆ ದಿನಗಳ ಒಂದು ಘಟನೆ ಬ್ರೆಜಿಲಿನ ಜನರ ನೆನಪಿನಲ್ಲಿ ನಿಂತಿದೆ. ದಾನಿಲೊ ತಾಯಿಯನ್ನು ದೂರದರ್ಶನದ ವರದಿಗಾರರೊಬ್ಬರು ಮಾತನಾಡಿಸುತ್ತಿದ್ದರು. ಆಕೆ ನಡುವೆಯೇ, ಇಷ್ಟೊಂದು ಗೆಳೆಯರನ್ನು ಕಳೆದುಕೊಂಡ ನಿಮ್ಮ ಪತ್ರಕರ್ತರಿಗೆ ಹೇಗಾಗುತ್ತಿದೆ ಎಂದು ಅವರನ್ನೇ ಕೇಳಿ, ಅವರನ್ನು ತಬ್ಬಿಕೊಂಡರು. ವರದಿಗಾರ ಅತ್ತುಬಿಟ್ಟರು.

ಮೂರು ವರ್ಷ ಶಪೆಕೊಯೆನ್ಸೆಯನ್ನು ಕೆಳಗಿನ ಶ್ರೇಣಿಗೆ ಇಳಿಸಬಾರದು, ನಾವು ಆಟಗಾರರನ್ನು ಪುಕ್ಕಟೆ ಎರವಲು ಕೊಡುತ್ತೇವೆ ಎಂದು ಬ್ರೆಜಿಲಿನ ಇತರ ಕ್ಲಬ್‌ಗಳು ಮುಂದೆ ಬಂದವು. ಆಟಗಾರರ ನೆರವನ್ನು ಸ್ವೀಕರಿಸಿದ ಕ್ಲಬ್ ವಿನಾಯಿತಿಯನ್ನು ಮಾತ್ರ ಬೇಡವೆಂದಿತು. ಇದು ಸ್ವಾಭಿಮಾನವೋ ದುಡುಕೋ ಎಂಬ ಚರ್ಚೆ ಆಗಲೂ ಇತ್ತು. 2017ರ ಜನವರಿ 21ರಂದು ಹೊಸ ತಂಡದ ಮೊದಲ ಪಂದ್ಯ, ಪಾಲ್ಮೆರಾಸ್ ವಿರುದ್ಧ. 71ನೆಯ ನಿಮಿಷದಲ್ಲಿ ಆಟ ನಿಲ್ಲಿಸಲಾಯಿತು. ಅದೇ ವರ್ಷ ರಾಜ್ಯದ ಪಟ್ಟ ಮತ್ತೆ ಸಿಕ್ಕಿತು. ರಾಷ್ಟ್ರೀಯ ಲೀಗಿನಲ್ಲಿ ಎಂಟನೆಯ ಸ್ಥಾನ. ಅಲನ್ ರುಷೆಲ್ ಆಗಸ್ಟ್‌ನಲ್ಲಿ ಬಾರ್ಸಿಲೋನಾದ ಮೈದಾನದಲ್ಲಿ ಮತ್ತೆ ಆಟಕ್ಕಿಳಿದರು.

ಆಮೇಲೆ ಕನಿಕರದ ಕಾಲ ಮುಗಿಯಿತು. 2019ರಲ್ಲಿ ತಂಡ ಎರಡನೆಯ ಶ್ರೇಣಿಗೆ ಜಾರಿತು. ಮುಂದಿನ ಹಂಗಾಮಿನಲ್ಲಿ ರುಷೆಲ್ ನಾಯಕತ್ವದಲ್ಲಿ ಆ ಶ್ರೇಣಿಯ ಚಾಂಪಿಯನ್ ಆಗಿ ಮೇಲೇರಿತು. 2021ರಲ್ಲಿ 38 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು! ಮತ್ತೆ ಕೆಳಕ್ಕೆ. ಸಾಲ ಬೆಳೆದು ಕ್ಲಬ್ ನ್ಯಾಯಾಲಯದ ರಕ್ಷಣೆ ಕೇಳಬೇಕಾಯಿತು. ಸತ್ತವರ ಕುಟುಂಬಗಳ ಪಾಡು ಇದಕ್ಕಿಂತ ಕಷ್ಟದ್ದು. ವಿಮಾನದ ವಿಮೆಯ ಮೊತ್ತವನ್ನು ಅಪಘಾತಕ್ಕೆ ಮುಂಚೆಯೇ 30 ಕೋಟಿ ಡಾಲರಿನಿಂದ ಎರಡೂವರೆ ಕೋಟಿಗೆ ಇಳಿಸಲಾಗಿತ್ತು. ಕಂತು ಕಟ್ಟಿಲ್ಲ, ಕೊಲಂಬಿಯಾಕ್ಕೆ ಈ ವಿಮೆ ಅನ್ವಯಿಸುವುದಿಲ್ಲ ಎಂಬ ತಕರಾರುಗಳೂ ಬಂದವು. ವಿಧವೆಯರು ಬ್ರೆಜಿಲ್, ಅಮೆರಿಕ, ಇಂಗ್ಲೆಂಡ್‌ಗಳ ಕಚೇರಿ ಕೋರ್ಟುಗಳಿಗೆ ವರ್ಷಗಟ್ಟಲೆ ಅಲೆದರು. ಕ್ಲಬ್ಬಿನ ಮೇಲೂ ದಾವೆಗಳು ಬಿದ್ದವು. ಮೇಣದ ಬತ್ತಿ ಹಿಡಿದ ಜನಜಂಗುಳಿಯ ಚಿತ್ರ ಪತ್ರಿಕೆಗಳಲ್ಲಿ ಬಂದಷ್ಟು ದೊಡ್ಡದಾಗಿ ಈ ಅಲೆದಾಟದ ಸುದ್ದಿ ಬರಲಿಲ್ಲ.

ಬದುಕುಳಿದವರಲ್ಲಿ ಹೆಂಜೆಲ್ 2017ರಲ್ಲೇ ಮೈಕಿನ ಮುಂದೆ ಮರಳಿದ್ದರು. 2019ರ ಮಾರ್ಚ್‌ನಲ್ಲಿ ಗೆಳೆಯರೊಡನೆ ಫುಟ್‌ಬಾಲ್ ಆಡುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು, ವಯಸ್ಸು 45. ಬಲಗಾಲಿನ ಒಂದು ಭಾಗವನ್ನೇ ಕಳೆದುಕೊಂಡ ಫೋಲ್‌ಮನ್ ಕೃತಕ ಕಾಲಿನ ಮೇಲೆ ನಿಂತು, ಅದೇ 2019ರಲ್ಲಿ ದೂರದರ್ಶನದ ಹಾಡುಗಾರಿಕೆ ಸ್ಪರ್ಧೆಯೊಂದನ್ನು ಗೆದ್ದರು. ನೆಟೊ ಮರಳಿ ಆಡಲು ಮೂರು ವರ್ಷ ಪ್ರಯತ್ನಿಸಿ, ನೋವು ಬಿಡದೆ ನಿವೃತ್ತರಾದರು. ಕೊಲಂಬಿಯಾದಲ್ಲಿ ಆ ಬೆಟ್ಟಕ್ಕೆ ಈಗ ‘ಸೆರ್ರೊ ಶಪೆಕೊಯೆನ್ಸೆ’ ಎಂದು ಹೆಸರು.

2025ರ ನವೆಂಬರ್‌ನಲ್ಲಿ ಶಪೆಕೊಯೆನ್ಸೆ ‘ಬಿ’ ಶ್ರೇಣಿಯಲ್ಲಿ ಮೂರನೆಯ ಸ್ಥಾನ ಪಡೆದು 2026ರ ಹಂಗಾಮಿಗೆ ಮತ್ತೆ ಮೊದಲ ಶ್ರೇಣಿಗೆ ಏರಿತು. ತರಬೇತುದಾರರು 2013ರಲ್ಲಿ ಮೇಲೆ ತಂದ ಅದೇ ಗಿಲ್ಮಾರ್ ದಾಲ್ ಪೋಜೊ.

ಶಪೆಕೊ ನೋಡಬೇಕೆನ್ನುವವರಿಗೆ ಸಾಂವ್ ಪೌಲೊದಿಂದ ವಿಮಾನವುಂಟು, ಕರಾವಳಿಯಿಂದ ರಾತ್ರಿ ಬಸ್ಸುಗಳುಂಟು. ಭೂಮಧ್ಯರೇಖೆಯ ಆಚೆಗಿನ ಊರಾದ್ದರಿಂದ ಜೂನ್, ಜುಲೈ ಚಳಿಗಾಲ. ಕೆಲವು ಮುಂಜಾನೆ ಹುಲ್ಲಿನ ಮೇಲೆ ಹಿಮದ ಪುಡಿ ಕೂರುತ್ತದೆ. ಬೇಯಿಸಿದ ಪಿನ್ಯಾಂವ್ ಆಗಲೇ ಸಿಗುವುದು. ಸೋರೆ ಬುರುಡೆಯಲ್ಲಿ ಬಿಸಿನೀರು ಹೊಯ್ದು ಲೋಹದ ಕೊಳವೆಯಿಂದ ಹೀರುವ ‘ಶಿಮಾರಾಂವ್’ ಎಂಬ ಕಹಿ ಪಾನೀಯವನ್ನು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುತ್ತಾರೆ. ಅತಿಥಿಗೂ ಒಂದು ಸರದಿ ಇರುತ್ತದೆ. ಕೊಂಡಾ ಕ್ರೀಡಾಂಗಣ ಊರ ನಡುವೆಯೇ ಇದೆ, ಪುರಸಭೆಯ ಆಸ್ತಿ, ಇಪ್ಪತ್ತು ಸಾವಿರ ಜನರಿಗೆ ಜಾಗ. ಫೈನಲ್‌ಗೆ ನಲವತ್ತು ಸಾವಿರ ಆಸನ ಬೇಕೆಂಬ ನಿಯಮವಿದ್ದುದರಿಂದ 2016ರ ಎರಡನೆಯ ಪಂದ್ಯವನ್ನು ದೂರದ ಕುರಿತೀಬಾ ನಗರದಲ್ಲಿ ಆಡುವುದೆಂದು ಗೊತ್ತಾಗಿತ್ತು. ಡಿಸೆಂಬರ್ 7ರಂದು.